ಅಣ್ಣಾವ್ರ ಡಾಕ್ಟರೇಟ್ ಹೋದ ಭಾನುವಾರ

‘ರೋಡ್’ ಅಂತ ಪೂರ್ತಿ ಬರೆಯಲು ಜನಕ್ಕೆ ಏನು ಕಷ್ಟವೋ! ಇಂಗ್ಲಿಷಿನಲ್ಲಿ ಇರೋದೇ ನಾಲ್ಕಕ್ಷರ. ಅದರಲ್ಲಿ ಎರಡು ನುಂಗಿ ‘ಆರ್‌ಡಿ’ ಅಂತಾರೆ. ಒಬ್ಬರು ಚುಕ್ಕಿ ಇಡ್ತಾರೆ, ಇನ್ನೊಬ್ಬರು ಇಡಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ನಮ್ಮಂಥವರೇ ತಿದ್ದಬಹುದು. ಆದರೆ ಹೆಸರು ಮೊಟಕು ಮಾಡಬಾರದು ಅನ್ನೋದು ಅಲ್ಲಿನ ನಿಯಮ. ಭಾನುವಾರ ನಮ್ಮ ರಾಜಾಜಿನಗರದ ರಸ್ತೆಗಳನ್ನು ಒಂದೊಂದೇ ತಿದ್ದುತ್ತಾ ಕೂತೆ. ಬೆರಳು ನೋವು ಬಂತು. ಅಕ್ಷರಗಳ ಮಾದರಿ ಹೇಳಿಕೊಟ್ಟರೆ ಹುಡುಕಿ ಒಟ್ಟಿಗೇ ಬದಲಿಸಲು ‘ರೆಗೆಕ್ಸ್’ ಇರುವಾಗ ಈ ಕೂಲಿ ಯಾಕೆ ಅನ್ನಿಸಿತು.

‘ಆರ್‌ಡಿ’ ಕಂಡಲ್ಲೆಲ್ಲ ‘ರೋಡ್’ ಹಾಕು, ‘ಎಸ್‌ಟಿ’ ಕಂಡಲ್ಲೆಲ್ಲ ‘ಸ್ಟ್ರೀಟ್’ ಹಾಕು ಅಂದೆ. ಪಾಪ, ಹೇಳಿದಂತೆ ಹಾಕಿತು. ಇಂಗ್ಲಿಷಿನಲ್ಲಿ ‘ಮೂರನೇ’ ಅಂತ ಬರೆದರೆ 3ರ ಬಾಲದಲ್ಲೂ ಆರ್‌ಡಿ ಇರುತ್ತಲ್ವಾ? ನಮ್ಮ ಬೀದಿ ‘3ರೋಡ್ ಕ್ರಾಸ್’ ಆಯಿತು. ಫಸ್ಟ್ ಬ್ಲಾಕು ‘1ಸ್ಟ್ರೀಟ್ ಬ್ಲಾಕ್’. ವೆಸ್ಟ್ ಆಫ್ ಕಾರ್ಡ್ ರೋಡಿನ ಗತಿಯಂತೂ ಕೇಳಲೇಬೇಡಿ: ‘ವೆಸ್ಟ್ರೀಟ್ ಆಫ್ ಕೋರೋಡ್ ರೋಡ್’.

ತಪ್ಪು ನನ್ನದೇ. ಹಿಂದೆ ಮುಂದೆ ಪದದ ಗಡಿ ಗುರುತಿಸುವ ‘ಬ್ಯಾಕ್‌ಸ್ಲ್ಯಾಶ್ ಬಿ’ ಹಾಕಿದ್ದರೆ ಬಿಡಿ ಪದವನ್ನು ಮಾತ್ರ ಮುಟ್ಟುತ್ತಿತ್ತು. ಹಾಕಿದೆ. ಎಲ್ಲ ಸರಿಹೋಯಿತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಗೆದ್ದ ಅಮಲು ನೋಡಿ, ನೆಟ್ಟಿನಲ್ಲಿ ಸಿಕ್ಕ ಅಮೆರಿಕದ ಮೊಟಕು ಹೆಸರುಗಳ ಪಟ್ಟಿಯೊಂದನ್ನು ಎತ್ತಿ ಅಂಟಿಸಿದೆ. ಅವರ ಬೀದಿಗಳಲ್ಲಿ ‘ಡಿಆರ್’ ಅಂದರೆ ‘ಡ್ರೈವ್’.

ಅಮ್ಮ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದಳು. ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದಳು: “ಡ್ರೈವ್ ರಾಜಕುಮಾರ್ ರೋಡ್.”

ಮೌನ.

“ಡಾಕ್ಟರ್ ಎಲ್ಲೋ?”

“ಅದು ಕಂಪ್ಯೂಟರ್ ಅಮ್ಮ...”

“ಮೈಸೂರು ಯೂನಿವರ್ಸಿಟಿ ಕರೆದು ಕೊಟ್ಟಿದ್ದು ಕಣೋ. 1976ರಲ್ಲಿ. ನಿನ್ನ ಕಂಪ್ಯೂಟರ್ ಯಾವೂರಿಂದು, ಅಣ್ಣಾವ್ರ ಡಾಕ್ಟರೇಟ್ ಕಿತ್ತುಕೊಳ್ಳೋಕೆ?”

ಕಾಫಿ ಲೋಟ ಅವಳ ಕೈಯಲ್ಲೇ ಇತ್ತು. ಕಂಟ್ರೋಲ್ ಝಡ್ ಒತ್ತಿ ಅಣ್ಣಾವ್ರನ್ನು ಮತ್ತೆ ಡಾಕ್ಟರ್ ಮಾಡಿದ ಮೇಲೇ ಅದು ಮೇಜಿಗೆ ಇಳಿಯಿತು. ಅಷ್ಟು ಹೊತ್ತಿಗೆ ಕೆನೆ ಕಟ್ಟಿತ್ತು.

“ಸರಿ, ಹಿಟ್ಟಿನ ಗಿರಣಿ ರಸ್ತೆ ಎಲ್ಲಿದೆ ತೋರಿಸು” ಅಂದಳು. ಆ ಹೆಸರು ಯಾವ ಬೋರ್ಡಿನಲ್ಲೂ ಇರಲಿಲ್ಲ. ರಾಗಿ ಡಬ್ಬ ಹೊತ್ತು ನಾನೇ ಅಲ್ಲಿಗೆ ಹೋಗುತ್ತಿದ್ದೆ. ಗಿರಣಿಯವರ ರೆಪ್ಪೆಯ ಮೇಲೂ ಹಿಟ್ಟು ಇರುತ್ತಿತ್ತು. ಬಿಸಿ ಹಿಟ್ಟಿನ ಡಬ್ಬವನ್ನು ಹೊಟ್ಟೆಗೆ ಒತ್ತಿಕೊಂಡು ವಾಪಸ್ ಬರ್ತಿದ್ದೆ. ಈಗ ಅಲ್ಲಿ ಜಿಮ್ ಇದೆ. ನಕ್ಷೆಯಲ್ಲಿ ಅದರ ಮುಂದಿನ ಬೀದಿಯನ್ನು ಬೆರಳಿಟ್ಟು ತೋರಿಸಿದೆ. “ಹ್ಞೂಂ, ಇದೇ” ಅಂದಳು.

ಫೈಲು ಇನ್ನೂ ಅಪ್‌ಲೋಡ್ ಆಗಿಲ್ಲ. ಯಾರೋ ಪುಣ್ಯಾತ್ಮ ‘ಮೇನ್’ ಅನ್ನೋದನ್ನು ‘ಎಂಎನ್’ ಅಂತ ಬರೆದಿದ್ದಾನೆ.