ರೈತರ ಜಮೀನು ತಕರಾರಿಗೆ ವಕೀಲರಲ್ಲದವರು ಕೈ ಹಾಕಬಹುದಾ?

ಪರ

ಜಮೀನು ತಕರಾರು ಅಂದ ಕೂಡಲೇ ಕೋರ್ಟು ನೆನಪಾಗುತ್ತದೆ. ಆದರೆ ಕರ್ನಾಟಕದಲ್ಲಿ ಎಷ್ಟೋ ಜಗಳ ಶುರುವಾಗುವುದು ಪಹಣಿಯಲ್ಲಿ, ಅಂದರೆ ಜಮೀನಿನ ಕಂದಾಯ ದಾಖಲೆಯಲ್ಲಿ. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರುವುದಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ, ಪೋಡಿ (ಪಾಲಿನ ಪ್ರಕಾರ ಅಳೆದು ಬೇರೆ ಬೇರೆ ನಂಬರು ಕೊಡುವುದು) ಆಗದೆ ಒಂದೇ ಸರ್ವೆ ನಂಬರಿನಲ್ಲಿ ಆರು ಹೆಸರು ಕೂತಿರುತ್ತವೆ. ಇದಕ್ಕೆ ಬೇಕಿರುವುದು ವಾದ ಅಲ್ಲ. ಹಳೆ ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ತೆಗೆಸಬೇಕು, ಸರ್ವೆ ಇಲಾಖೆಯ ಅಳತೆ ದಾಖಲೆಯಾದ ಆಕಾರಬಂದ್ ಜೊತೆ ವಿಸ್ತೀರ್ಣ ತಾಳೆ ನೋಡಬೇಕು, ಹದ್ದುಬಸ್ತಿಗೆ (ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ, ಸರ್ವೆಯವರು ಬರುವ ದಿನ ಅಕ್ಕಪಕ್ಕದ ಹೊಲದವರನ್ನೂ ಕರೆಸಬೇಕು. ನಾಡಕಚೇರಿಯ ವ್ಯವಹಾರ ಗೊತ್ತಿರುವ, ಕಾಗದ ಓದಿ ಹೇಳಬಲ್ಲ ಒಬ್ಬರು ಜೊತೆಗಿದ್ದರೆ ಇಷ್ಟೂ ಆಗುತ್ತದೆ.

ಇದು ಹೊಸ ಯೋಚನೆಯೂ ಅಲ್ಲ. 1974ರ ಭೂಸುಧಾರಣೆಯ ನಂತರ ಗೇಣಿದಾರರು ನಮೂನೆ 7 (ತಾವು ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿ) ಕೊಟ್ಟು ಭೂ ನ್ಯಾಯಮಂಡಳಿಗಳ ಮುಂದೆ ನಿಂತಾಗ, ಅಲ್ಲಿ ವಕೀಲರು ಹಾಜರಾಗಲೇಬಾರದು ಅಂತ ಭೂಸುಧಾರಣಾ ಕಾಯ್ದೆಯ 48(8)ನೇ ಕಲಮೇ ಹೇಳುತ್ತಿತ್ತು. ಒಡೆಯನ ಕಡೆ ದೊಡ್ಡ ವಕೀಲ, ಗೇಣಿದಾರನ ಕಡೆ ಯಾರೂ ಇಲ್ಲ ಅನ್ನುವ ಸ್ಥಿತಿ ಬರಬಾರದಲ್ವಾ? ಈಗ 2009ರ ಯೋಜನೆಯಡಿ ಕಾನೂನು ಸೇವಾ ಪ್ರಾಧಿಕಾರಗಳೇ ಪ್ಯಾರಾ ಲೀಗಲ್ ಸ್ವಯಂಸೇವಕರಿಗೆ, ಅಂದರೆ ವಕೀಲರಲ್ಲದೆಯೂ ಕಾನೂನು ನೆರವಿಗೆ ನಿಲ್ಲುವವರಿಗೆ, ತರಬೇತಿ ಕೊಡುತ್ತಿವೆ. ಅವರ ಸಂಖ್ಯೆ ಇನ್ನೂ ಜಾಸ್ತಿಯಾಗಲಿ. ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ರೈತನ ಪಕ್ಕ ಒಬ್ಬರು ನಿಂತರೆ, ಒಳಗಿನವರ ಮಾತಿನ ಧಾಟಿಯೇ ಬದಲಾಗುತ್ತದೆ.

ವಿರೋಧ

ಆ 48(8)ನೇ ಕಲಮನ್ನು ಸುಪ್ರೀಂ ಕೋರ್ಟು 1987ರಲ್ಲಿ ರದ್ದು ಮಾಡಿತು, ವಕೀಲರ ಕಾಯ್ದೆಗೆ ಅದು ವಿರುದ್ಧ ಅಂತ. ನನಗೆ ಅದು ಸರಿಯಾಗೇ ಕಾಣುತ್ತದೆ.

ಬರೀ ಅರ್ಜಿ ತಾನೇ, ಯಾರು ಬರೆದರೇನು ಅನ್ನುವ ಮಾತೇ ನನಗೆ ಭಯ ಹುಟ್ಟಿಸುತ್ತದೆ. ಖಾತೆ ಬದಲಾಯಿಸಿಕೊಡಿ ಅಂತ ಕೇಳುವ ಅರ್ಜಿಯಲ್ಲಿ ಸಹಾಯಕ್ಕೆ ಬಂದವರು 'ಸದರಿ ಜಮೀನು ನಮ್ಮ ಅಣ್ಣನ ಸ್ವಾಧೀನದಲ್ಲಿದ್ದು' ಅಂತ ಸುಮ್ನೆ ಒಂದು ಸಾಲು ಸೇರಿಸುತ್ತಾರೆ, ಕೆಳಗೆ ರೈತ ಹೆಬ್ಬೆಟ್ಟು ಒತ್ತುತ್ತಾನೆ, ಎಷ್ಟೋ ವರ್ಷದ ಮೇಲೆ ಸಿವಿಲ್ ಕೋರ್ಟಿನಲ್ಲಿ ಎದುರಾಳಿ ಅದೇ ಕಾಗದ ತೆಗೆದು 'ನೀನೇ ಒಪ್ಪಿಕೊಂಡಿದ್ದೀಯಲ್ಲ' ಅನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದ ಬರೆದರೂ ಏಟು ರೈತನಿಗೇ.

ಇನ್ನೊಂದು, ಗಡುವು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಸಿಗುವುದಿಲ್ಲ, ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟು. ಇದು ಗೊತ್ತಿಲ್ಲದವರು ರೈತನನ್ನು ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ) ಅಂತ ಅಲೆಸುತ್ತಾರೆ. ಅಷ್ಟರಲ್ಲಿ ಒತ್ತುವರಿ ಮಾಡಿದವನು ಎಲ್ಲರ ಕಣ್ಣೆದುರೇ, ಇದು ತನ್ನದು ಅಂತ 12 ವರ್ಷ ಉತ್ತುಬಿಟ್ಟರೆ ಜಮೀನೇ ಕೈತಪ್ಪಬಹುದು.

ವಕೀಲ ತಪ್ಪು ಮಾಡಿದರೆ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ವಕೀಲಿ ಮಾಡುವ ಸನ್ನದೇ ಹೋಗಬಹುದು. ಸಹಾಯ ಮಾಡುತ್ತೇನೆ ಅಂತ ಬಂದು ಎರಡೂ ಕಡೆ ದುಡ್ಡು ತಿಂದ ಬ್ರೋಕರ್ ಮೇಲೆ ಅಂಥ ದೂರು ಕೊಡುವುದೆಲ್ಲಿ? ದುಡ್ಡಿಲ್ಲ ಅನ್ನುವುದಕ್ಕೂ ದಾರಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಳಿದ ಬಡವರಿಗೆ ಆದಾಯದ ಮಿತಿ ನೋಡಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯ ಮಾಡುವ ಮನಸ್ಸಿರುವವರು ರೈತನನ್ನು ಬಸ್ಸು ಹತ್ತಿಸಿ ಅಲ್ಲಿಗೆ ಕರೆದುಕೊಂಡು ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ.