ಬರೀ ಹಾಕಿ

ನಮ್ಮ ಬೀದಿಯಲ್ಲಿ ಕಾರು ಓಡಿಸುವಾಗ ನಾನು ಹಾರ್ನ್ ಮಾಡುವುದಿಲ್ಲ. ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಹಾರ್ನ್ ಮಾಡಿದರೆ ಬೈದ ಹಾಗೆ, ಅದೊಂದು ಕಾರಣ. ಜೊತೆಗೆ, ಅದರ ಅಗತ್ಯವೇ ಬೀಳುವುದಿಲ್ಲ. ತಿರುವಿನಲ್ಲಿ ಕಾರಿನ ಮೂತಿ ಕಂಡರೆ ಸಾಕು, ಯಾವುದೋ ಹುಡುಗ "ಕಾರ್!" ಅಂತ ಕೂಗುತ್ತಾನೆ. ಇಬ್ಬರು ಮಕ್ಕಳು ಗೋಲಿನ ಬಲೆಯನ್ನು ಎರಡು ಕಡೆ ಹಿಡಿದು, ಮದುವೆ ಮನೆಯಲ್ಲಿ ಸಾರಿನ ಕೊಳದಪ್ಪಲೆ ಎತ್ತಿದ ಹಾಗೆ ಎತ್ತಿ, ರಸ್ತೆ ಬದಿಗೆ ಸಾಗಿಸುತ್ತಾರೆ. ನಾನು ಮೆಲ್ಲಗೆ ದಾಟುತ್ತೇನೆ. ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಬಲೆ ನಡುರಸ್ತೆಗೆ ವಾಪಸ್. "ಗೇಮ್ ಆನ್!"

ಕಾಲಿಗೆ ಮಾಮೂಲಿ ಶೂ, ಕೆಳಗೆ ಡಾಂಬರು, ಆಡುವುದು ಟೆನಿಸ್ ಬಾಲಿನಲ್ಲಿ. ಬಂದ ಹೊಸದರಲ್ಲಿ ಪಕ್ಕದ ಮನೆಯವರನ್ನು ಕೇಳಿದ್ದೆ, "ಇದು ಫೀಲ್ಡ್ ಹಾಕಿನಾ?" ಅಂತ. ಅವರಿಗೆ ಅರವತ್ತು ದಾಟಿದೆ, ಬಹಳ ಮರ್ಯಾದಸ್ಥರು. ನನ್ನನ್ನು ಕರುಣೆಯಿಂದ ನೋಡಿ, "ಅಲ್ಲಪ್ಪಾ, ಹಾಕಿ" ಅಂದರು.

ಇಲ್ಲಿನ ಆಟ ಐಸ್ ಮೇಲಿನದು, ಮಕ್ಕಳು ಅದನ್ನೇ ಬೀದಿಗೆ ಇಳಿಸಿದ್ದಾರೆ. ಆದರೂ ಯಾರೂ ಐಸ್ ಹಾಕಿ ಅನ್ನುವುದಿಲ್ಲ. ಬರೀ ಹಾಕಿ. ನಮ್ಮ ಕಡೆ ಊಟಕ್ಕೆ ಬನ್ನಿ ಅಂತ ಕರೆದರೆ ಅನ್ನ ಇರುತ್ತದೆ ಅಂತ ಬಿಡಿಸಿ ಹೇಳಬೇಕಾ? ಹಾಗೆ. ಹುಲ್ಲಿನ ಮೇಲೆ ಆಡುವುದಕ್ಕೆ ಮಾತ್ರ ಫೀಲ್ಡ್ ಅಂತ ಬಾಲ ಅಂಟಿಸುತ್ತಾರೆ. ಇದನ್ನು ಕೊಡಗಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ನಮ್ಮ ಹಾಕಿಗೆ ಬಾಲ ಅಂಟಿಸೋಕೆ ಅವರು ಯಾರು?" ಅಂತ ರೇಗಿದ. ಅವನ ಕೋಪ ನ್ಯಾಯವೇ. 1997ರಿಂದ ಕೊಡಗಿನಲ್ಲಿ ಮನೆತನಗಳ ಹೆಸರಿನಲ್ಲೇ ತಂಡ ಕಟ್ಟಿ ಹಾಕಿ ಹಬ್ಬ ಮಾಡುತ್ತಾರೆ. 2024ರಲ್ಲಿ ಕುಂಡ್ಯೋಳಂಡ ಮನೆತನ ನಾಪೋಕ್ಲುವಿನಲ್ಲಿ ನಡೆಸಿದ ಹಬ್ಬಕ್ಕೆ ಬಂದದ್ದು 360 ತಂಡ. "ಇದು ಹಾಕಿ. ಅಲ್ಲಿಯದು ಜಾರಾಟ" ಅಂತ ತೀರ್ಪು ಕೊಟ್ಟು ಫೋನಿಟ್ಟ.

ನಾನು ಮೈಸೂರಿನವನು, ಕ್ರಿಕೆಟ್ಟಿನವನು, ಈ ಜಗಳದಲ್ಲಿ ನನಗೆ ಪಾಲಿಲ್ಲ. ಸ್ಕೂಲಿನಲ್ಲಿ "ನಮ್ಮ ರಾಷ್ಟ್ರೀಯ ಕ್ರೀಡೆ ಯಾವುದು?" ಅಂದರೆ ಹಾಕಿ ಅಂತ ಬರೆದು ಒಂದು ಮಾರ್ಕು ತೆಗೆದುಕೊಂಡು, ಬ್ಯಾಟ್ ಹಿಡಿದು ಓಡುತ್ತಿದ್ದೆವು. ಆಮೇಲೆ 2012ರಲ್ಲಿ, ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರವಾಗಿ, ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಅಂತ ಕೇಂದ್ರ ಸರ್ಕಾರವೇ ಹೇಳಿಬಿಟ್ಟಿತು. ಆ ಮಾರ್ಕು ವಾಪಸ್ ಕೊಡಬೇಕೇನೋ! ಕೆನಡಾದ ಕಥೆ ಉಲ್ಟಾ. ಮಾಂಟ್ರಿಯಲ್‌ನಲ್ಲಿ 1875ರ ಮಾರ್ಚ್ 3ರಂದು ಚಾವಣಿಯ ಕೆಳಗೆ ಮೊದಲ ವ್ಯವಸ್ಥಿತ ಪಂದ್ಯ ಆಡಿದರು. ಅಲ್ಲಿಂದ ನೂರು ವರ್ಷಕ್ಕೂ ಜಾಸ್ತಿ ಇಡೀ ದೇಶ ಇದು ನಮ್ಮ ಆಟ ಅಂತ ನಂಬಿಕೊಂಡೇ ಬದುಕಿತು. ಸರ್ಕಾರಕ್ಕೆ ಅದು ನೆನಪಾದದ್ದು 1994ರಲ್ಲಿ. ಆಗಲೂ ರಾಜಿ ಮಾಡಿಕೊಂಡು ಕಾನೂನು ಮಾಡಿದರು: ಚಳಿಗಾಲಕ್ಕೆ ಹಾಕಿ, ಬೇಸಿಗೆಗೆ ಲಕ್ರಾಸ್. ಲಕ್ರಾಸ್ ಅಂದರೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ; ಇಲ್ಲಿನ ಮೂಲ ನಿವಾಸಿಗಳದು, ಹಾಕಿಗಿಂತ ಎಷ್ಟೋ ಹಳೆಯದು. ಆದರೆ ನಮ್ಮ ಬೀದಿಯಲ್ಲಿ ಅದನ್ನು ಆಡಿದವರನ್ನು ನಾನು ನೋಡಿಲ್ಲ.

ಪಕ್ಕದ ಮನೆಯವರು ಕಡಿಮೆ ಮಾತಿನವರು. ಅವರ ಬಾಯಿ ಬಿಡಿಸಬೇಕೆಂದರೆ 1972 ಅನ್ನಬೇಕು. ಸೋವಿಯತ್ ರಷ್ಯಾದ ಜೊತೆ ಎಂಟು ಪಂದ್ಯ, ನಾಲ್ಕು ಇಲ್ಲಿ, ನಾಲ್ಕು ಮಾಸ್ಕೋದಲ್ಲಿ. ಸುಲಭವಾಗಿ ಗೆಲ್ಲುತ್ತೇವೆ ಅಂದುಕೊಂಡವರು ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲೇ 7–3ರಿಂದ ಸೋತರು. ಏಳು ಪಂದ್ಯ ಮುಗಿದಾಗ ಇಬ್ಬರಿಗೂ ಮೂರು ಮೂರು ಗೆಲುವು, ಒಂದು ಡ್ರಾ. ಸೆಪ್ಟೆಂಬರ್ 28ರಂದು ಕೊನೆಯ ಪಂದ್ಯ. ಇಲ್ಲಿ ಹಗಲು ಹೊತ್ತು. ಸ್ಕೂಲಿನಲ್ಲಿ ಪಾಠ ನಿಲ್ಲಿಸಿ ಟಿವಿ ತಂದಿಟ್ಟರಂತೆ. ಐದು–ಐದು ಸಮ. ಉಳಿದದ್ದು 34 ಸೆಕೆಂಡ್. ಪಾಲ್ ಹೆಂಡರ್ಸನ್ ಗೋಲು ಹೊಡೆದ. "ನಮ್ಮ ಗಣಿತದ ಮೇಷ್ಟ್ರು ಅತ್ತುಬಿಟ್ಟರು" ಅಂತ ಇವರು ಹೇಳುತ್ತಾರೆ. ಪ್ರತಿ ಸಲ ಮೇಷ್ಟ್ರ ಹತ್ತಿರ ಬಂದಾಗ ಇವರದೇ ದನಿ ಸ್ವಲ್ಪ ಬದಲಾಗುತ್ತದೆ. ನಾನು 1983ರ ಲಾರ್ಡ್ಸ್ ನೆನೆಸಿಕೊಂಡು ಸುಮ್ಮನಿರುತ್ತೇನೆ. ಬಂದೂಕಿಲ್ಲದೆ ಗೆದ್ದ ಯುದ್ಧದ ಹಾಗೆ ಆ ಗೋಲನ್ನು ಇವರೆಲ್ಲ ಒಳಗೆ ಇಟ್ಟುಕೊಂಡಿದ್ದಾರೆ.

ಇಷ್ಟೆಲ್ಲ ಹೆಮ್ಮೆಯ ಊರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಹಾಕಿ ತಂಡ ಇಲ್ಲಿನ ದೊಡ್ಡ ಲೀಗಿನ ಸ್ಟ್ಯಾನ್ಲಿ ಕಪ್ ಕೊನೆಯದಾಗಿ ಎತ್ತಿದ್ದು 1967ರಲ್ಲಿ. ಆದರೂ ಸೀಸನ್ ಬಂತೆಂದರೆ ನೀಲಿ ಬಾವುಟ ಕಾರಿಗೆ ಏರುತ್ತದೆ. ನಾನು "ಈ ಸಲ ಕಪ್ ನಮ್ದೇ" ಅನ್ನುವ ಮಂತ್ರವನ್ನು ಪಕ್ಕದ ಮನೆಯವರಿಗೆ ಕಲಿಸಿಕೊಟ್ಟೆ. 2025ರಲ್ಲಿ ಆರ್‌ಸಿಬಿ ಗೆದ್ದಾಗ ಹದಿನೆಂಟು ವರ್ಷ ಕಾದೆವು ಅಂತ ಭಾವುಕನಾಗಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಬರೀ ಹದಿನೆಂಟಾ?" ಅಂದರು.

ನನ್ನ ಮಗನಿಗೆ ನಿಜವಾದ ಐಸ್ ಮೇಲೆ ಆಡುವ ಆಸೆ. ಸ್ಕೇಟು, ಹೆಲ್ಮೆಟ್ಟು, ಪ್ಯಾಡು, ಐಸಿನ ಬಾಡಿಗೆ ಎಲ್ಲ ಕೂಡಿಸಿ ನೋಡಿದೆ. ದೇಶದ ಆಟ ಅನ್ನುತ್ತಾರೆ, ದೇಶದ ಎಲ್ಲ ಮನೆಗೂ ಎಟುಕುವುದಿಲ್ಲ. ಕೊನೆಗೆ ಹಳೆಯ ಸಾಮಾನು ಕೊಂಡು ಸೇರಿಸಿದೆವು. ಪ್ರಾಕ್ಟೀಸು ಶನಿವಾರ ಬೆಳಿಗ್ಗೆ ಆರಕ್ಕೆ. ಹೊರಗೆ ಮೈನಸ್ ಹದಿನೈದು. ಮೈಸೂರಿನಲ್ಲಿ ಧನುರ್ಮಾಸದ ಪೂಜೆಗೆ ಅಮ್ಮ ಎಬ್ಬಿಸಿದರೆ ಮಗ್ಗುಲಾಗುತ್ತಿದ್ದವನು ಇಲ್ಲಿ ಅಲಾರಂ ಹೊಡೆಯುವ ಮೊದಲೇ ಎದ್ದು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತೇನೆ. ಆ ಹಾಕಿ ಬ್ಯಾಗಿನ ವಾಸನೆಯ ಬಗ್ಗೆ ಬರೆಯುವುದಿಲ್ಲ. ಗ್ಯಾರೇಜಿನಲ್ಲಿಟ್ಟಿದ್ದೇವೆ, ಅಷ್ಟು ಸಾಕು.

ಆ ಹೊತ್ತಿನಲ್ಲಿ ರಿಂಕಿನ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತವರಲ್ಲಿ ಇಟಲಿಯವರಿದ್ದಾರೆ, ಪಕ್ಕದ ಊರು ಬ್ರಾಂಪ್ಟನ್‌ನ ಸರ್ದಾರರಿದ್ದಾರೆ. ಸರ್ದಾರರಿಗೆ 2008ರಿಂದ ಟಿವಿಯಲ್ಲಿ ಪಂಜಾಬಿ ಕಾಮೆಂಟರಿಯೇ ಇದೆ! ನನಗೆ ಪಂಜಾಬಿ ಬರುವುದಿಲ್ಲ, ಆದರೂ ಅದನ್ನೇ ಹಾಕುತ್ತೇನೆ. ಇಂಗ್ಲಿಷಿನವರು ಗೋಲಾದರೆ ಕೂಗುತ್ತಾರೆ, ಇವರು ಮನೆಯಲ್ಲಿ ಗಂಡು ಹುಡುಕಿದ ಸುದ್ದಿ ಬಂದ ಹಾಗೆ ಸಂಭ್ರಮಿಸುತ್ತಾರೆ.

ಮೊನ್ನೆ ಭಾನುವಾರ ಬೀದಿ ಆಟಕ್ಕೆ ಒಬ್ಬ ಕಡಿಮೆ ಬಿದ್ದ. ನನ್ನನ್ನು ಬಲೆಯ ಮುಂದೆ ನಿಲ್ಲಿಸಿದರು, ಕೈಗೆ ಬೇಸ್‌ಬಾಲ್ ಗ್ಲೌಸು ಕೊಟ್ಟು. ಏಳು ಗೋಲು ಬಿಟ್ಟೆ. ಎಂಟನೆಯದಕ್ಕೆ ಮೊದಲು ಕೊಡಗಿನ ಗೆಳೆಯನ ವಿಡಿಯೋ ಕಾಲ್ ಬಂತು. ಬೀದಿಯನ್ನೆಲ್ಲ ಒಮ್ಮೆ ತೋರಿಸಿದೆ.

"ಎಲ್ಲೋ ನಿನ್ನ ಐಸು?"

"ಬೇಡ ಕಣೋ, ಇದೂ ಹಾಕಿನೇ."

"ಕೆಳಗೆ ನೆಲ ಇದೆ, ಕೈಲಿ ಸ್ಟಿಕ್ ಇದೆ. ಹಾಗಾದ್ರೆ ಇದು ನಮ್ಮ ಹಾಕಿನೇ ಅಲ್ವಾ?" ಅವನಿಗೆ ಎಲ್ಲಿಲ್ಲದ ಖುಷಿ. "ಗೋಲ್‌ಕೀಪರ್ ಯಾರು?"

"ನಾನೇ."

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ಅದು ಕೆನಡಾದ್ದೇ, ಅವರಿಗೇ ಇರಲಿ ಬಿಡು" ಅಂದ.