ಐಪಿ (ದಿವಾಳಿ ಅರ್ಜಿ) ಹಾಕಿದ ಮರುದಿನವೇ ಹೊಸ ಅಂಗಡಿನಾ? ಸತ್ಯಾಂಶ

"ಕೋರ್ಟಲ್ಲಿ ಐಪಿ ಹಾಕಿ, ಸಾಲ ಎಲ್ಲ ಮಾಫಿ, ನಾಳೆನೇ ಹೊಸ ವ್ಯಾಪಾರ ಶುರು ಮಾಡಿ" ಅಂತ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. ಹಾಗಿಲ್ಲ ಮಾರಾಯ್ರೆ.

1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಕಾಯ್ದೆ ಪ್ರಕಾರ ದಿವಾಳಿ ಅಂತ ಆರ್ಡರ್ ಆಗೋದೇ ಬೇರೆ, ಅದರಿಂದ ಡಿಸ್ಚಾರ್ಜ್ (ಸಾಲಗಳಿಂದ ಬಿಡುಗಡೆ) ಸಿಗೋದೇ ಬೇರೆ. ಆರ್ಡರ್ ಆದ್ಮೇಲೆ ಕೋರ್ಟ್ ಕೊಟ್ಟ ಗಡುವಿನೊಳಗೆ ಯಾವಾಗ ಬೇಕಾದ್ರೂ ಡಿಸ್ಚಾರ್ಜ್‌ಗೆ ಅರ್ಜಿ ಹಾಕಬಹುದು ನಿಜ, ಆದ್ರೆ ಸಾಲ ಕೊಟ್ಟೋರ ತಕರಾರು ಕೇಳಿ ಜಡ್ಜ್ ಅದನ್ನ ಮುಂದೂಡಬಹುದು, ಷರತ್ತು ಹಾಕಬಹುದು, ಆಸ್ತಿ ಮಾರಿದ್ರೆ ಸಾಲದ ರೂಪಾಯಿಗೆ 50 ಪೈಸೆನೂ ಹುಟ್ಟಲ್ಲ ಅಂದ್ರೆ ಅದು ನಿಮ್ಮ ತಪ್ಪಿಂದ ಆಗಿದ್ದಲ್ಲ ಅಂತ ನೀವೇ ತೋರಿಸಬೇಕು.

ಅಲ್ಲೀವರೆಗೆ ದುಡೀಬೇಡಿ ಅಂತ ಯಾರೂ ಹೇಳಲ್ಲ. ಆದ್ರೆ ದಿವಾಳಿ ವಿಷಯ ಮುಚ್ಚಿಟ್ಟು ಹೋಲ್‌ಸೇಲ್ ಅಂಗಡೀಲಿ 50 ರೂಪಾಯಿ (ಆ ಕಾಲದ ಲೆಕ್ಕ!) ಉದ್ರಿ ತಗೊಂಡ್ರೂ 6 ತಿಂಗಳವರೆಗೆ ಜೈಲಾಗಬಹುದು. ಸಾಲ ಪೂರ್ತಿ ತೀರಿಸಿದ್ರೆ ಆರ್ಡರನ್ನೇ ರದ್ದು ಮಾಡಿಸ್ಕೊಬಹುದು. ಸರ್ಕಾರದ ಬಾಕಿ, ಮೋಸದ ಸಾಲ ಡಿಸ್ಚಾರ್ಜ್ ಆದ್ರೂ ಬೆನ್ನು ಬಿಡಲ್ಲ.